ಕಾಫಿ, ಕಾಳುಮೆಣಸು ಮತ್ತು ರಾಸಾಯನಿಕ ಸಂಶ್ಲೇಷಣೆ: ಒಂದು ಚಾರಿತ್ರಿಕ ಪರಿಶೀಲನೆ

ಚಿಕ್ಕಮಗಳೂರಿನಿಂದ ಮೂಡಿಗೆರೆಯ ಮಾರ್ಗವಾಗಿ ಕಳಸದವರೆಗೆ ಹಬ್ಬಿರುವ ಮಲೆಗಳಲ್ಲಿ ಕಾಫಿಯ ಗಿಡವೂ ಮೆಣಸಿನ ಬಳ್ಳಿಯೂ ಒಂದೇ ನೆಲವನ್ನು ಹಂಚಿಕೊಂಡು ಬೆಳೆಯುತ್ತವೆ. ಗಿಡಕ್ಕೆ ನೆರಳನ್ನೀಯುವ ಮರವೇ ಬಳ್ಳಿಗೆ ಆಸರೆ. ಬಳ್ಳಿಯು ಪಶ್ಚಿಮ ಘಟ್ಟಗಳದೇ ಸೊತ್ತು. ಗಿಡವಾದರೋ ಸಮುದ್ರದಾಚೆಯಿಂದ ಬಂದದ್ದು. ಹದಿನೇಳನೆಯ ಶತಮಾನದಲ್ಲಿ ಬಾಬಾಬುಡನ್ನರು ಮೋಕಾದಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಐತಿಹ್ಯ ಸರ್ವವಿದಿತವಾಗಿದೆ. ಆದರೆ ರಸಾಯನಶಾಸ್ತ್ರದ ಚರಿತ್ರೆಯಲ್ಲಿಯೂ ಈ ಎರಡು ಸಸ್ಯಗಳು ಜೊತೆಯಾಗಿಯೇ ನಡೆದುಬಂದಿವೆ ಎಂಬ ಸಂಗತಿಯನ್ನು ನಮ್ಮ ಪಠ್ಯಗ್ರಂಥಗಳು ಸಾಮಾನ್ಯವಾಗಿ ಗಮನಿಸುವುದಿಲ್ಲ.

1819ರಲ್ಲಿ ಯೇನಾ ನಗರದಲ್ಲಿ ವ್ಯಾಸಂಗ ಮಾಡುತ್ತಿದ್ದ ರುಂಗೆ ಎಂಬ ತರುಣನು ಮಹಾಕವಿ ಗಯಟೆಯ ಸಮ್ಮುಖದಲ್ಲಿ, ಬೆಲ್ಲಡೋನ ಗಿಡದ ರಸವು ಬೆಕ್ಕಿನ ಕಣ್ಣಿನ ಪಾಪೆಯನ್ನು ಹಿಗ್ಗಿಸುವುದನ್ನು ತೋರಿಸಿದನು. ಸಂತುಷ್ಟನಾದ ಕವಿಯು ಕಾಫಿಬೀಜದ ಒಂದು ಪೆಟ್ಟಿಗೆಯನ್ನು ಕೊಟ್ಟು, ಇದನ್ನೂ ಪರೀಕ್ಷಿಸಿ ನೋಡೆಂದನು. ಅದರಿಂದ ರುಂಗೆಯು ಬೇರ್ಪಡಿಸಿದ ಬಿಳಿಯ ಹರಳುಗಳೇ ಕೆಫೀನ್. ಅದೇ 1819ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್ ಕಾಳುಮೆಣಸಿನಿಂದ ಪೈಪರೀನನ್ನು ಪಡೆದನು. ವಿದ್ಯುತ್ತು ಹರಿಯುವ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ಹೊರಳುವುದನ್ನು ಮರುವರ್ಷ ಕಂಡವನೂ ಈತನೇ. ಭೌತಶಾಸ್ತ್ರದ ವಿದ್ಯಾರ್ಥಿಗೆ ಚಿರಪರಿಚಿತನಾದ ಈ ವಿಜ್ಞಾನಿಯ ಹೆಸರು ನಮ್ಮ ಮೆಣಸಿನ ಖಾರದೊಡನೆಯೂ ಸೇರಿಕೊಂಡಿದೆ.

ಸಸ್ಯದಲ್ಲಿರುವ ವಸ್ತುವನ್ನು ಬೇರ್ಪಡಿಸುವುದು ಒಂದು ಕಾರ್ಯ. ಅದನ್ನು ಸಸ್ಯದ ನೆರವಿಲ್ಲದೆ ನಿರ್ಮಿಸುವುದು ಬೇರೆಯೇ ಕಾರ್ಯ. 1828ರಲ್ಲಿ ವೋಲರನು ನಿರಿಂದ್ರಿಯ ಲವಣದಿಂದ ಯೂರಿಯಾ ತಯಾರಿಸಿದ ಮೇಲೆ ಇಂಥ ನಿರ್ಮಾಣ ಅಸಾಧ್ಯವಲ್ಲವೆಂದು ತಿಳಿಯಿತು. ಆದರೂ ಪೈಪರೀನ್ 1894ರವರೆಗೂ, ಕೆಫೀನ್ 1895ರವರೆಗೂ ಕಾಯಬೇಕಾಯಿತು. ವಿಳಂಬಕ್ಕೆ ಕಾರಣ ಸ್ಪಷ್ಟವಾಗಿದೆ. ಕೆಫೀನಿನ ಅಣುವಿನಲ್ಲಿ ಇಂಗಾಲದ 8, ಜಲಜನಕದ 10, ಸಾರಜನಕದ 4, ಆಮ್ಲಜನಕದ 2 ಪರಮಾಣುಗಳಿವೆಯೆಂಬುದು ಆ ಶತಮಾನದ ಮೂವತ್ತರ ದಶಕದಲ್ಲಿಯೇ ಗೊತ್ತಾಗಿತ್ತು. ಆದರೆ ಅವು ಯಾವ ಕ್ರಮದಲ್ಲಿ ಹೆಣೆದುಕೊಂಡಿವೆ ಎಂಬುದನ್ನರಿಯದೆ ಕಟ್ಟಲು ತೊಡಗುವುದು ನಕ್ಷೆಯಿಲ್ಲದೆ ಮನೆ ಕಟ್ಟಿದಂತೆ.

ಆ ನಕ್ಷೆಯನ್ನು 1875ರಲ್ಲಿ ಮೆಡಿಕಸ್ ಎಂಬಾತನು ಸೂಚಿಸಿದನು. ಆತನದು ಬಹುಮಟ್ಟಿಗೆ ಊಹೆ. ಎಮಿಲ್ ಫಿಷರನು ಮೊದಲು ಅದನ್ನೊಪ್ಪದೆ ಬೇರೊಂದು ವಿನ್ಯಾಸವನ್ನು ಪ್ರತಿಪಾದಿಸಿದನು. ಮುಂದೆ 1895ರಲ್ಲಿ, ಯೂರಿಯಾದ ಸಂಬಂಧಿಯಾದ ಡೈಮೆಥಿಲ್ ಯೂರಿಯಾ ಮತ್ತು ಮೆಲೋನಿಕ್ ಆಮ್ಲ ಇವುಗಳಿಂದಾರಂಭಿಸಿ, ಲೊರೆನ್ಜ್ ಆಖನ ಜೊತೆಗೂಡಿ ಕೆಫೀನನ್ನು ಸಂಶ್ಲೇಷಿಸಿದವನು ಅದೇ ಫಿಷರ್. 1897ರ ವೇಳೆಗೆ ಅವನ ಸ್ವಂತ ಪ್ರಯೋಗಗಳೇ ಮೆಡಿಕಸನ ನಕ್ಷೆಯನ್ನು ಎತ್ತಿಹಿಡಿದವು. ಫಿಷರನು ತನ್ನ ಹಿಂದಿನ ಮತವನ್ನು ಬಿಟ್ಟುಕೊಟ್ಟನು. 1902ರ ನೊಬೆಲ್ ಪಾರಿತೋಷಕವು ಅವನಿಗೆ ಸಂದದ್ದು ಸಕ್ಕರೆಗಳ ಮತ್ತು ಈ ಪ್ಯೂರಿನ್ ವರ್ಗದ ಸಂಶ್ಲೇಷಣೆಗಾಗಿ. ಪೈಪರೀನಿನ ದಾರಿ ಇದಕ್ಕಿಂತ ಸುಗಮವಾಗಿತ್ತು. ಅದು ಪೈಪರಿಕ್ ಆಮ್ಲ ಮತ್ತು ಪೈಪರಿಡೀನ್ ಎಂಬೆರಡು ಭಾಗಗಳಾಗಿ ಒಡೆಯುವುದು 1857ರಲ್ಲೇ ತಿಳಿದಿತ್ತು. ಎರಡು ಭಾಗಗಳನ್ನೂ ಕೃತಕವಾಗಿ ತಯಾರಿಸಿ ಜೋಡಿಸುವ ಕಾರ್ಯವನ್ನು ಲಾಡೆನ್‌ಬರ್ಗ್ ಮತ್ತು ಶೋಲ್ಟ್ಜ್ ಪೂರೈಸಿದರು.

ಇಲ್ಲಿ ಬೆಳೆಗಾರನ ದೃಷ್ಟಿಯಿಂದ ಒಂದು ಪ್ರಶ್ನೆ ಏಳುತ್ತದೆ. 1897ರಲ್ಲಿ ಜರ್ಮನಿಯ ಬಿ.ಎ.ಎಸ್.ಎಫ್. ಸಂಸ್ಥೆಯು ಸಂಶ್ಲೇಷಿತ ನೀಲಿಯನ್ನು ಮಾರುಕಟ್ಟೆಗೆ ತಂದಿತು. ಎರಡು ದಶಕ ಕಳೆಯುವುದರೊಳಗೆ ಬಿಹಾರ ಬಂಗಾಳಗಳ ನೀಲಿಯ ವ್ಯಾಪಾರ ನೆಲಕಚ್ಚಿತು. ಕೆಫೀನಿನ ಸಂಶ್ಲೇಷಣೆ ಅದಕ್ಕಿಂತಲೂ ಎರಡು ವರ್ಷ ಮುಂಚಿನದು. ಇಂದು ತಂಪು ಪಾನೀಯಗಳಿಗೂ ಔಷಧಗಳಿಗೂ ಕಾರ್ಖಾನೆಯ ಕೆಫೀನ್ ಧಾರಾಳವಾಗಿ ಸೇರುತ್ತಿದೆ. ಹಾಗಿದ್ದರೂ ಮೂಡಿಗೆರೆಯ ತೋಟಗಳಿಗೆ ನೀಲಿಯ ಗತಿ ಒದಗಲಿಲ್ಲವೇಕೆ?

ನೀಲಿಯ ಗಿಡವನ್ನು ಬೆಳೆಯುತ್ತಿದ್ದುದು ಒಂದೇ ಒಂದು ಅಣುವಿಗಾಗಿ. ಕಾಫಿಯನ್ನು ಕೊಳ್ಳುವವನಾದರೋ ಒಂದು ಅಣುವನ್ನು ಕೊಳ್ಳುವುದಿಲ್ಲ. ಅರೇಬಿಕಾ ಬೀಜದಲ್ಲಿ ಕೆಫೀನಿನ ಪ್ರಮಾಣ ಶೇಕಡ 1.2ರಷ್ಟು, ರೊಬಸ್ಟಾದಲ್ಲಿ ಸುಮಾರು ಅದರ ಎರಡರಷ್ಟು. ಹೀಗಿದ್ದೂ ಹೆಚ್ಚಿನ ಬೆಲೆ ಸಲ್ಲುತ್ತ ಬಂದಿರುವುದು ಸಾಧಾರಣವಾಗಿ ಅರೇಬಿಕಾಗೆ. 1906ರಲ್ಲಿ ಬ್ರೆಮೆನ್ ನಗರದ ರೋಸೇಲಿಯಸನು ಕೆಫೀನ್ ತೆಗೆದ ಕಾಫಿಯ ವ್ಯಾಪಾರವನ್ನೇ ಸ್ಥಾಪಿಸಿದನು. ಅಣು ಹೋದರೂ ಕಾಫಿ ಉಳಿಯಿತು, ಗಿರಾಕಿಗಳೂ ಉಳಿದರು.

ಹಸಿರು ಬೀಜದಲ್ಲಿ ಕೆಫೀನಿಗಿಂತ ಹಲವು ಪಟ್ಟು ಅಧಿಕವಾಗಿರುವುದು ಕ್ಲೋರೊಜೆನಿಕ್ ಆಮ್ಲ. ಹೆಸರನ್ನು ಕೇಳಿದ ವಿದ್ಯಾರ್ಥಿಗಳು ಇದರಲ್ಲಿ ಕ್ಲೋರೀನ್ ಹುಡುಕುವುದುಂಟು, ಅದು ಇಲ್ಲ. ಗಾಳಿಗೊಡ್ಡಿದ ಕ್ಷಾರದ್ರಾವಣದಲ್ಲಿ ಹಸಿರುಬಣ್ಣ ತಾಳುವುದರಿಂದ ಗ್ರೀಕ್ ಪದದ ಮೂಲಕ ಬಂದ ಹೆಸರದು. ಇದರ ರಚನೆಯನ್ನು 1932ರಲ್ಲಿ ನಿರ್ಣಯಿಸಿದವರು ಹರ್ಮನ್ ಫಿಷರ್ ಮತ್ತು ಗೆರ್ಡಾ ಡಾಂಗ್‌ಶಾಟ್. ಹರ್ಮನ್ ಫಿಷರನು ಎಮಿಲ್ ಫಿಷರನ ಮಗ: ಬೀಜದ ಒಂದು ಅಣು ತಂದೆಯ ಪಾಲಿಗೆ, ಇನ್ನೊಂದು ಮಗನ ಪಾಲಿಗೆ.

ಪರಿಮಳದ ಸಮಸ್ಯೆ ಇವೆರಡಕ್ಕಿಂತಲೂ ಜಟಿಲ. 1925ರಲ್ಲಿ ಮೈಸೂರು ಸಂಸ್ಥಾನವು ಬಾಳೆಹೊನ್ನೂರಿನಲ್ಲಿ ಕಾಫಿ ಪ್ರಯೋಗಕೇಂದ್ರವನ್ನು ತೆರೆಯಿತು. ಎಲೆಯ ತುಕ್ಕುರೋಗವೇ ಆಗಿನ ದೊಡ್ಡ ಚಿಂತೆ. ಸರಿಸುಮಾರು ಅದೇ ಕಾಲದಲ್ಲಿ ಸ್ವಿಟ್ಜರ್ಲೆಂಡಿನ ಸ್ಟೌಡಿಂಗರ್ ಮತ್ತು ರೈಖ್‌ಸ್ಟೈನ್ ಹುರಿದ ಕಾಫಿಯ ಕಂಪನ್ನು ವಿಶ್ಲೇಷಿಸುತ್ತಿದ್ದರು. ಇಬ್ಬರೂ ಮುಂದೆ ನೊಬೆಲ್ ಪಾರಿತೋಷಕ ಪಡೆದರು, ಬೇರೆ ಕೆಲಸಗಳಿಗಾಗಿ. ಕೃತಕ ಪರಿಮಳವನ್ನು ತಯಾರಿಸುವುದು ಅವರ ಉದ್ದೇಶವಾಗಿತ್ತು. ಗಂಧಕವುಳ್ಳ ಫರ್ಫ್ಯುರಿಲ್ ಮರ್ಕಾಪ್ಟನ್ ಎಂಬ ವಸ್ತುವನ್ನು ಅವರು ಗುರುತಿಸಿದರು. ಅತ್ಯಲ್ಪ ಪ್ರಮಾಣದಲ್ಲಿ ಅದು ಕಾಫಿಯನ್ನು ನೆನಪಿಗೆ ತರುತ್ತದೆ. ಸ್ವಲ್ಪ ಹೆಚ್ಚಾದರೆ ಅಸಹ್ಯವಾಗಿ ನಾರುತ್ತದೆ. ಅಂದಿನಿಂದ ಪಟ್ಟಿಗೆ ಸೇರಿದ ಆವಿಶೀಲ ವಸ್ತುಗಳು ಈಗ 800ನ್ನು ಮೀರಿವೆ. ಇವುಗಳ ಬಹುಭಾಗ ಹುರಿಯುವ ಬಾಣಲೆಯಲ್ಲಿ, ಸಕ್ಕರೆಗಳೂ ಅಮೈನೋ ಆಮ್ಲಗಳೂ ಕ್ಲೋರೊಜೆನಿಕ್ ಆಮ್ಲವೂ ಬೆಂದು ಒಡೆದು ಬೆರೆತಾಗ ಹುಟ್ಟುತ್ತವೆ. ಕಳಸದ ಕಣದಲ್ಲಿ ಒಣಗಿ ಮೂಟೆ ಸೇರುವ ಬೀಜದಲ್ಲಿ ಆ ಕಂಪು ಇನ್ನೂ ಇರುವುದಿಲ್ಲ.