ಹಳೆಯ ಸ್ಪೋರ್ಟ್ಸ್ ಕಾರುಗಳಲ್ಲಿ ಕಾರ್ಪೆಟ್ ಒಳಹೊದಿಕೆ

ಹಳೆಯ ಸ್ಪೋರ್ಟ್ಸ್ ಕಾರುಗಳ ಒಳಭಾಗದಲ್ಲಿ ಮೂಲತಃ ಇದ್ದ ರೆಕ್ಸಿನ್, ರಬ್ಬರ್ ಚಾಪೆ, ಹಾರ್ಡ್‌ಬೋರ್ಡ್ ಅಥವಾ ಪ್ಲಾಸ್ಟಿಕ್ ಹೊದಿಕೆಗಳನ್ನು ತೆಗೆದು, ಅವುಗಳ ಸ್ಥಾನದಲ್ಲಿ ಕಾರ್ಪೆಟ್ ಅಳವಡಿಸುವುದು ವಾಹನ ನವೀಕರಣದ ಒಂದು ಭಾಗವಾಗಿದೆ. ಕಾರಿನ ನೆಲ, ಗೇರ್‌ಬಾಕ್ಸ್ ಮೇಲಿನ ಉಬ್ಬು, ಹಿಂಚಕ್ರದ ಕಮಾನುಗಳು, ಬಾಗಿಲಿನ ಒಳಫಲಕದ ಕೆಳಭಾಗ ಹಾಗೂ ಎಂಜಿನ್ ಕಡೆಯ ಅಡ್ಡಗೋಡೆಗಳಿಗೆ ಇಂತಹ ಹೊದಿಕೆಯನ್ನು ಹಾಕಲಾಗುತ್ತದೆ. ಮೇಲ್ನೋಟಕ್ಕೆ ಇದು ಅಲಂಕಾರದ ಕೆಲಸವೆಂದು ತೋರಿದರೂ, ಕಾರಿನ ಉಕ್ಕಿನ ನೆಲ ಎಷ್ಟು ವರ್ಷ ಉಳಿಯುತ್ತದೆ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಇದೇ ಆಗಿದೆ. ಕಾರ್ಪೆಟ್ ನೀರನ್ನು ಹಿಡಿದಿಡುತ್ತದೆ, ಹಿಡಿದಿಟ್ಟ ನೀರನ್ನು ಕಣ್ಣಿಗೆ ಕಾಣದಂತೆ ಮರೆಮಾಡುತ್ತದೆ.

ಮೂಲ ಹೊದಿಕೆಗಳು

ಎರಡನೆಯ ಮಹಾಯುದ್ಧದ ನಂತರದ ಬ್ರಿಟಿಷ್ ಸ್ಪೋರ್ಟ್ಸ್ ಕಾರುಗಳ ಒಳಾಂಗಣ ಸರಳವಾಗಿತ್ತು. 1945ರಿಂದ 1949ರವರೆಗೆ ತಯಾರಾದ ಎಂ.ಜಿ. ಟಿಸಿ ಕಾರಿನ ದೇಹಕ್ಕೆ ಮರದ ಚೌಕಟ್ಟು ಇತ್ತು. ಅದರ ನೆಲವೂ ಪ್ಲೈವುಡ್ ಹಲಗೆಯದೇ. 1958ರಲ್ಲಿ ಬಂದ ಆಸ್ಟಿನ್-ಹೀಲಿ ಸ್ಪ್ರೈಟ್ ಕಡಿಮೆ ಬೆಲೆಯ ಕಾರಾದ್ದರಿಂದ ಅದರ ನೆಲಕ್ಕೆ ರಬ್ಬರ್ ಚಾಪೆಯನ್ನು ಹಾಸಲಾಗುತ್ತಿತ್ತು. ಮಡಚುವ ಬಟ್ಟೆಯ ಛಾವಣಿಯಿಂದ ಮಳೆನೀರು ಒಳಬರುವುದು ಸಾಮಾನ್ಯವಾಗಿದ್ದುದರಿಂದ ಈ ಚಾಪೆ ತಕ್ಕ ಆಯ್ಕೆಯೇ ಆಗಿತ್ತು ಎನ್ನಬಹುದು. ದುಬಾರಿ ಕಾರುಗಳಲ್ಲಿಯೂ ಎಲ್ಲೆಡೆ ಕಾರ್ಪೆಟ್ ಇರಲಿಲ್ಲ. 1961ರಲ್ಲಿ ಬಿಡುಗಡೆಯಾದ ಜಾಗ್ವಾರ್ ಇ-ಟೈಪ್‌ನ ಕೆಲವು ಭಾಗಗಳಿಗೆ ಹಾರ್ಡುರಾ ಎಂಬ ವಸ್ತುವನ್ನು ಬಳಸಲಾಗಿತ್ತು. ಇದು ಫೆಲ್ಟಿನ ಬೆನ್ನುಳ್ಳ ಗಟ್ಟಿಮುಟ್ಟಾದ ವಿನೈಲ್ ಹಾಳೆ.

ಇಂದು ಕರ್ನಾಟಕದಲ್ಲಿ ಸೀಟು ಹೊಲಿಯುವವರೆಲ್ಲ ಬಳಸುವ 'ರೆಕ್ಸಿನ್' ಎಂಬ ಪದವೂ ಇಂಗ್ಲೆಂಡಿನಿಂದ ಬಂದದ್ದೇ. ಮೊದಲಿಗೆ ಅದು ಇಂಗ್ಲೆಂಡಿನಲ್ಲಿ ತಯಾರಾಗುತ್ತಿದ್ದ ಕೃತಕ ಚರ್ಮದ ವ್ಯಾಪಾರನಾಮವಾಗಿತ್ತು. ನಂತರ ಭಾರತದಲ್ಲಿ ಎಲ್ಲ ಬಗೆಯ ಕೃತಕ ಚರ್ಮಕ್ಕೂ ಅದೇ ಹೆಸರು ನಿಂತಿತು.

ಒಳಹೊದಿಕೆಯನ್ನು ಕಡಿಮೆ ಮಾಡಿದ ಉದಾಹರಣೆಯೂ ಉಂಟು. 1973ರ ಪೋರ್ಷೆ 911 ಕರೆರಾ ಆರ್‌ಎಸ್ 2.7 ಕಾರಿನ ಹಗುರ ಮಾದರಿಯಲ್ಲಿ ಹಿಂದಿನ ಸೀಟುಗಳನ್ನು ತೆಗೆದು, ಬಾಗಿಲಿಗೆ ಹಿಡಿಕೆಯ ಬದಲು ಪಟ್ಟಿಯನ್ನು ಕಟ್ಟಿ, ತೆಳುವಾದ ಹಾಸನ್ನು ಹಾಕಿ ತೂಕವನ್ನು ಸುಮಾರು 960 ಕಿ.ಗ್ರಾಂ.ಗೆ ಇಳಿಸಲಾಗಿತ್ತು. ಇಂತಹ ಕಾರಿಗೆ ದಪ್ಪ ಕಾರ್ಪೆಟ್ ಹಾಕಿದರೆ ಅದರ ಉದ್ದೇಶವೇ ಕೆಟ್ಟಂತೆ.

ಬದಲಾವಣೆಗೆ ಕಾರಣಗಳು

ಹಾರ್ಡ್‌ಬೋರ್ಡ್ ಫಲಕಗಳು ತೇವ ತಗುಲಿದಾಗ ಉಬ್ಬಿ ಬಾಗುತ್ತವೆ. ಬಿಸಿಲಿಗೆ ರೆಕ್ಸಿನ್ ಸೀಳುತ್ತದೆ. ಅಪರೂಪದ ಕಾರಾದರೆ ಅದೇ ಅಳತೆಯ ಹೊಸ ಫಲಕ ದೊರೆಯುವುದು ಕಷ್ಟ, ಆಮದು ಮಾಡಿಕೊಂಡರೆ ವೆಚ್ಚ ಹೆಚ್ಚು. ಕಾರ್ಪೆಟ್ ಆದರೋ ಯಾವುದೇ ಆಕಾರಕ್ಕೆ ಕತ್ತರಿಸಬಹುದಾದ ವಸ್ತು. ತಗಡಿನ ತಗ್ಗುದಿಣ್ಣೆಗಳೂ ಅದರಡಿ ಮುಚ್ಚಿಹೋಗುತ್ತವೆ. ಗೇರ್‌ಬಾಕ್ಸ್‌ನ ಬಿಸಿ ಮತ್ತು ಶಬ್ದ ಕಡಿಮೆಯಾಗುವುದು ಇನ್ನೊಂದು ಲಾಭ. ದಕ್ಷಿಣ ಭಾರತದ ಬೇಸಿಗೆಯಲ್ಲಿ ಇದು ಸಣ್ಣ ಮಾತಲ್ಲ.

ವಸ್ತುಗಳು

ಉತ್ತಮ ಬ್ರಿಟಿಷ್ ಕಾರುಗಳಲ್ಲಿ ವಿಲ್ಟನ್ ಮಾದರಿಯ ಉಣ್ಣೆ ಕಾರ್ಪೆಟ್ ರೂಢಿಯಲ್ಲಿತ್ತು. ಇಂಗ್ಲೆಂಡಿನ ವಿಲ್ಟನ್ ಪಟ್ಟಣದಿಂದ ಈ ಹೆಸರು ಬಂದಿದೆ. ಜರ್ಮನಿಯ ಕಾರುಗಳಲ್ಲಿ ಗಿಡ್ಡನೆಯ ಕುಣಿಕೆ ಎಳೆಗಳ ನೇಯ್ಗೆ ಹೆಚ್ಚು ಕಂಡುಬರುತ್ತದೆ. ಈಗಿನ ಬದಲಿ ಹಾಸುಗಳಲ್ಲಿ ಬಹುತೇಕ ನೈಲಾನ್ ಇಲ್ಲವೇ ಪಾಲಿಪ್ರೊಪಿಲೀನ್ ನಾರು ಇರುತ್ತದೆ.

ಇವುಗಳ ವ್ಯತ್ಯಾಸ ಬಣ್ಣದಲ್ಲಷ್ಟೇ ಇಲ್ಲ. ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವವನ್ನು ಹೀರಿಕೊಂಡರೂ ಮುಟ್ಟಿದಾಗ ಒದ್ದೆಯೆನಿಸುವುದಿಲ್ಲ. ಇದು ಕಂಬಳಿಯಲ್ಲಿ ಗುಣವಾದರೆ ಕಾರಿನ ನೆಲದ ಮೇಲೆ ದೋಷವಾಗುತ್ತದೆ. ಇನ್ನೊಂದೆಡೆ, ಉಣ್ಣೆಗೆ ಸುಲಭವಾಗಿ ಬೆಂಕಿ ಹತ್ತುವುದಿಲ್ಲ. ಪಾಲಿಪ್ರೊಪಿಲೀನ್ ನೀರನ್ನು ಹೀರುವುದಿಲ್ಲವಾದರೂ ಸುಮಾರು 160 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಹೊಗೆಕೊಳವೆ ಹಾದುಹೋಗುವ ಜಾಗದ ಮೇಲೆ ಅದನ್ನು ಹಾಸುವುದು ಸರಿಯಲ್ಲ. ಹೆಚ್ಚು ತೊಂದರೆ ಕೊಡುವುದು ಮಾತ್ರ ಮೇಲಿನ ಕಾರ್ಪೆಟ್ ಅಲ್ಲ, ಅದರಡಿಯ ಸೆಣಬಿನ ಫೆಲ್ಟು. ಒಮ್ಮೆ ನೆನೆದ ಫೆಲ್ಟು ಮೇಲಿನ ಹಾಸು ಒಣಗಿದ ಬಹುಕಾಲದ ನಂತರವೂ ಒದ್ದೆಯಾಗಿಯೇ ಇರುತ್ತದೆ.

ಅಳವಡಿಸುವ ಕ್ರಮ

ಮೊದಲು ಸೀಟುಗಳನ್ನು ಬಿಚ್ಚಿ, ಹಳೆಯ ಹೊದಿಕೆಯ ಪ್ರತಿ ತುಂಡನ್ನೂ ಹರಿಯದಂತೆ ತೆಗೆಯಲಾಗುತ್ತದೆ. ಎಷ್ಟೇ ಹಾಳಾಗಿದ್ದರೂ ಹೊಸದನ್ನು ಕತ್ತರಿಸಲು ಅದೇ ಅಳತೆಪಡಿ. ಹಳೆಯ ತುಂಡು ಇಲ್ಲದಿದ್ದರೆ ದಪ್ಪ ಕಾಗದದಿಂದ ಮಾದರಿ ಮಾಡಿಕೊಳ್ಳುತ್ತಾರೆ. ನಂತರ ನೆಲವನ್ನು ಕೆರೆದು, ತುಕ್ಕು ಹಿಡಿದ ಕಡೆ ಹೊಸ ತಗಡನ್ನು ಬೆಸೆದು, ಪ್ರೈಮರ್ ಮತ್ತು ಬಣ್ಣ ಬಳಿಯಲಾಗುತ್ತದೆ. ಈ ಹಂತವನ್ನು ಬಿಟ್ಟು ಮುಂದುವರಿದರೆ ತುಕ್ಕಿಗೆ ಹೊದಿಕೆ ಹೊದಿಸಿದಂತಾಗುತ್ತದೆ.

ಕಾರ್ಪೆಟಿನ ಎಳೆಗಳು ಒಂದು ದಿಕ್ಕಿಗೆ ಬಾಗಿರುತ್ತವೆ. ಎಲ್ಲ ತುಂಡುಗಳನ್ನೂ ಒಂದೇ ದಿಕ್ಕಿಗೆ ಕತ್ತರಿಸದಿದ್ದರೆ ಒಂದೇ ಸುರುಳಿಯಿಂದ ಬಂದ ಬಟ್ಟೆಯೂ ಎರಡು ಬಣ್ಣದ್ದಾಗಿ ಕಾಣುತ್ತದೆ. ಹೊರಗೆ ಕಾಣುವ ಅಂಚುಗಳಿಗೆ ರೆಕ್ಸಿನ್ ಅಥವಾ ಚರ್ಮದ ಪಟ್ಟಿಯನ್ನು ಹೊಲಿಯಲಾಗುತ್ತದೆ. ಚಾಲಕನ ಹಿಮ್ಮಡಿ ಊರುವ ಜಾಗಕ್ಕೆ ರಬ್ಬರ್ ತುಂಡನ್ನು ಸೇರಿಸುವುದು ರೂಢಿ.

ಅಂಟಿಸಲು ಸಿಂಥೆಟಿಕ್ ರಬ್ಬರ್ ಅಂಟನ್ನು ಬಳಸುತ್ತಾರೆ. ಭಾರತದಲ್ಲಿ ಫೆವಿಕಾಲ್ ಎಸ್‌ಆರ್ 998 ಈ ಬಗೆಯದು. ತಗಡು ಮತ್ತು ಬಟ್ಟೆ ಎರಡಕ್ಕೂ ಬಳಿದು, ಕೈಗೆ ಅಂಟದಷ್ಟು ಒಣಗಿದ ಮೇಲೆ ಒತ್ತಬೇಕು. ಒಮ್ಮೆ ಕೂಡಿತೆಂದರೆ ಸರಿಸಲು ಬರುವುದಿಲ್ಲ. ಇದರ ಆವಿ ಬೇಗ ಬೆಂಕಿ ಹಿಡಿಯುವಂಥದ್ದಾದ್ದರಿಂದ ಬಾಗಿಲುಗಳನ್ನು ತೆರೆದಿಟ್ಟು, ಬ್ಯಾಟರಿಯ ಸಂಪರ್ಕ ತಪ್ಪಿಸಿ ಕೆಲಸ ಮಾಡಬೇಕಾಗುತ್ತದೆ. ಹಿಂಚಕ್ರದ ಕಮಾನು ಎರಡು ದಿಕ್ಕಿಗೆ ಬಾಗಿರುವುದರಿಂದ ಅದೇ ಅತಿ ಕಠಿಣ ಭಾಗ. ಅಲ್ಲಿ ಬಟ್ಟೆಯನ್ನು ಹಬೆಯಿಂದ ಮೆತ್ತಗಾಗಿಸಿ ಎಳೆಯುತ್ತಾರೆ, ಇಲ್ಲವೇ ಸೀಳಿ ಹೊಲಿಯುತ್ತಾರೆ. ಸಾಮಾನ್ಯವಾಗಿ ಕಮಾನುಗಳಿಂದ ಆರಂಭಿಸಿ, ಪಕ್ಕಗಳು ಮತ್ತು ಗೇರ್‌ಬಾಕ್ಸ್ ಉಬ್ಬನ್ನು ಮುಗಿಸಿ, ನೆಲವನ್ನು ಕೊನೆಗೆ ಹಾಸಲಾಗುತ್ತದೆ.

ನೆಲದ ಹಾಸನ್ನು ಅಂಟಿಸಬಾರದೆಂಬುದು ಅನುಭವಿಗಳ ಸಾಮಾನ್ಯ ಅಭಿಪ್ರಾಯ. ಟಿಚ್ ಬಟನ್‌ಗಳಿಂದ ಹಿಡಿಸಿದರೆ ಅದನ್ನು ಎತ್ತಿ ಒಣಗಿಸಬಹುದು, ತಗಡನ್ನು ಪರೀಕ್ಷಿಸಲೂಬಹುದು. 1962ರಿಂದ 1980ರವರೆಗೆ ತಯಾರಾದ ಎಂ.ಜಿ.ಬಿ. ಕಾರಿನಲ್ಲಿ ಬ್ಯಾಟರಿ ಇರುವುದೇ ಸೀಟಿನ ಹಿಂದಿನ ನೆಲದ ಕೆಳಗೆ. ಅಲ್ಲಿ ಅಂಟಿಸಿದರೆ ಬ್ಯಾಟರಿಯನ್ನು ತಲುಪುವ ದಾರಿಯೇ ಮುಚ್ಚುತ್ತದೆ.

ಬಾಗಿಲಿನ ಒಳಭಾಗ

ಬಾಗಿಲಿನ ಗಾಜಿನ ಮೇಲೆ ಬಿದ್ದ ಮಳೆನೀರಿನಲ್ಲಿ ಸ್ವಲ್ಪ ಭಾಗ ಬಾಗಿಲಿನೊಳಗೇ ಇಳಿದು, ತಳದ ಸಣ್ಣ ರಂಧ್ರಗಳಿಂದ ಹೊರಹೋಗುತ್ತದೆ. ಆದ್ದರಿಂದ ಒಳಫಲಕದ ಹಿಂದೆ ನೀರು ತಡೆಯುವ ಹಾಳೆ ಇರಬೇಕು. ಹಳೆಯ ಫಲಕವನ್ನು ತೆಗೆಯುವಾಗ ಹರಿದುಹೋದ ಈ ಹಾಳೆಯನ್ನು ಮತ್ತೆ ಹಾಕದೆ ಕಾರ್ಪೆಟ್ ಅಂಟಿಸಿದ ಫಲಕವನ್ನು ಕೂರಿಸುವುದು ಪದೇ ಪದೇ ಕಾಣುವ ತಪ್ಪು. ಆಗ ಫಲಕ ಒಂದೆರಡು ಮಳೆಗಾಲದಲ್ಲೇ ಕೊಳೆಯುತ್ತದೆ. ಕಾರ್ಪೆಟ್ ರೆಕ್ಸಿನ್‌ಗಿಂತ ದಪ್ಪವಾದ್ದರಿಂದ ಗಾಜು ಇಳಿಸುವ ಹಿಡಿಕೆ ಅದಕ್ಕೆ ಉಜ್ಜುವುದೂ ಉಂಟು.

ಸುರಕ್ಷತೆ

ಸ್ಪೋರ್ಟ್ಸ್ ಕಾರಿನ ಕಾಲಿಡುವ ಜಾಗ ಇಕ್ಕಟ್ಟಾದುದು. ದಪ್ಪ ಹಾಸು ಪೆಡಲ್‌ನ ಪೂರ್ಣ ಚಲನೆಗೆ ಅಡ್ಡಿಯಾಗಬಹುದು. ಹಿಡಿಸದೆ ಬಿಟ್ಟ ಹಾಸು ಜಾರಿ ಬ್ರೇಕ್ ಪೆಡಲ್‌ನ ಕೆಳಗೆ ಸೇರಿಕೊಳ್ಳಬಹುದು. ಪೆಡಲ್‌ಗಳ ಬಳಿಯ ಕಾರ್ಪೆಟ್ ಜಿಡ್ಡಾಗಿ ಒದ್ದೆಯಾಗಿದ್ದರೆ ಅದು ಮಳೆನೀರೇ ಆಗಿರಬೇಕೆಂದಿಲ್ಲ. ಬ್ರೇಕ್ ಅಥವಾ ಕ್ಲಚ್ ಸಿಲಿಂಡರಿನಿಂದ ಸೋರಿದ ದ್ರವವೂ ಅಲ್ಲಿಗೇ ಇಳಿಯುತ್ತದೆ.

ಬೆಂಕಿಯ ವಿಷಯದಲ್ಲಿ, ಅಮೆರಿಕದಲ್ಲಿ 1972ರಿಂದ ಜಾರಿಯಲ್ಲಿರುವ ಎಫ್‌ಎಂವಿಎಸ್‌ಎಸ್ 302 ಮಾನದಂಡದಂತೆ ಒಳಾಂಗಣದ ವಸ್ತು ನಿಮಿಷಕ್ಕೆ 102 ಮಿ.ಮೀ.ಗಿಂತ ವೇಗವಾಗಿ ಉರಿಯಬಾರದು. ಭಾರತದಲ್ಲಿ ಐಎಸ್ 15061 ಇದೇ ವಿಷಯಕ್ಕೆ ಸಂಬಂಧಿಸಿದೆ. ಈ ಬಗೆಯ ಪರೀಕ್ಷೆಯಲ್ಲಿ ವಸ್ತುವನ್ನು ಅಡ್ಡವಾಗಿ ಹಿಡಿದು ಉರಿಸಲಾಗುತ್ತದೆ. ಬಾಗಿಲು ಮತ್ತು ಅಡ್ಡಗೋಡೆಯಂತಹ ನೆಟ್ಟಗಿನ ಮೇಲ್ಮೈಗಳಲ್ಲಿ ಜ್ವಾಲೆ ಇನ್ನೂ ಬೇಗ ಏರುತ್ತದೆ. ಮನೆಗೆಂದು ಮಾರುವ ಅಗ್ಗದ ಕಾರ್ಪೆಟನ್ನು ಹಳೆಯ ತಂತಿಗಳಿರುವ ಕಾರಿಗೆ ಬಳಸುವುದು ಅಪಾಯಕರ.

ಕರ್ನಾಟಕದಲ್ಲಿ

ಬೆಂಗಳೂರಿನ ಜೆ.ಸಿ. ರಸ್ತೆ ವಾಹನಗಳ ಬಿಡಿಭಾಗ ಮತ್ತು ಸೀಟು ಹೊದಿಕೆಯ ಅಂಗಡಿಗಳಿಗೆ ಬಹುಕಾಲದಿಂದ ಹೆಸರಾಗಿದೆ. ರಾಜ್ಯದಲ್ಲಿ ಹಳೆಯ ಸ್ಪೋರ್ಟ್ಸ್ ಕಾರುಗಳು ಕಡಿಮೆ. ಆದರೆ ಮದರಾಸಿನಲ್ಲಿ 1961ರಿಂದ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಇಲ್ಲಿಯ ರಸ್ತೆಗಳಲ್ಲಿ ಸಾಮಾನ್ಯವಾಗಿತ್ತು. ಟ್ರಯಂಫ್ ಸ್ಪಿಟ್‌ಫೈರ್ ಸ್ಪೋರ್ಟ್ಸ್ ಕಾರಿನ ಚಾಸಿಗೆ ಆಧಾರವಾದುದು ಇದರ ಮೂಲವಾದ ಟ್ರಯಂಫ್ ಹೆರಾಲ್ಡ್. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯ ಹಾಗೂ ಶ್ರೀರಂಗಪಟ್ಟಣದ ಬಳಿಯ 'ಪಯಣ' ಕಾರು ಸಂಗ್ರಹಾಲಯಗಳಲ್ಲಿ ಹಳೆಯ ಕಾರುಗಳನ್ನು ನೋಡಬಹುದು.

ಹೊದಿಕೆಯ ಆಯ್ಕೆ ಊರಿನ ಹವೆಯನ್ನು ಅವಲಂಬಿಸಬೇಕು. ಕರಾವಳಿ ಮತ್ತು ಮಲೆನಾಡಿನಲ್ಲಿ, ವಿಶೇಷವಾಗಿ ವರ್ಷಕ್ಕೆ ಸುಮಾರು 7,000 ಮಿ.ಮೀ. ಮಳೆ ಬೀಳುವ ಆಗುಂಬೆಯಂತಹ ಕಡೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಫೆಲ್ಟು ಒಣಗುವುದೇ ಇಲ್ಲ. ಅಲ್ಲಿ ಮೂಲ ರಬ್ಬರ್ ಚಾಪೆಯೇ ಲೇಸು. ಕೊಳ್ಳೇಗಾಲ, ಹನೂರು, ಮಲೆ ಮಹದೇಶ್ವರ ಬೆಟ್ಟದ ಪ್ರದೇಶಕ್ಕೆ ಮಳೆ ಕಡಿಮೆ. ಇಲ್ಲಿ ತೇವಕ್ಕಿಂತ ಧೂಳು ಮತ್ತು ಬಿಸಿಲು ದೊಡ್ಡ ಸಮಸ್ಯೆ. ಎಳೆಗಳ ಬುಡ ಸೇರಿದ ಮರಳು ಕಾಲಿನ ಒತ್ತಡಕ್ಕೆ ನಾರನ್ನು ಕತ್ತರಿಸುತ್ತದೆ. ಘಟ್ಟದ ಏರಿನಲ್ಲಿ ಕಡಿಮೆ ಗೇರಿನಲ್ಲಿ ಸಾಗುವಾಗ ಗೇರ್‌ಬಾಕ್ಸ್ ಉಬ್ಬು ಬಿಸಿಯಾಗುತ್ತದೆ. ಹೀಗಾಗಿ ಶಾಖ ತಡೆಯುವ ಪದರದ ಮೇಲೆ ಗಿಡ್ಡ ಎಳೆಯ ಕಾರ್ಪೆಟ್ ಈ ಭಾಗಕ್ಕೆ ಹೊಂದುತ್ತದೆ.

ಮೂಲಸ್ವರೂಪದ ಪ್ರಶ್ನೆ

ಅಂತರರಾಷ್ಟ್ರೀಯ ಹಳೆಯ ವಾಹನ ಒಕ್ಕೂಟವಾದ ಫಿವಾ 1966ರಲ್ಲಿ ಸ್ಥಾಪನೆಯಾಯಿತು. ಅದರ ಟ್ಯೂರಿನ್ ಸನ್ನದು ಮೂಲ ವಸ್ತುವನ್ನು ಸಾಧ್ಯವಾದಷ್ಟು ಉಳಿಸಿಕೊಳ್ಳುವುದಕ್ಕೆ ಆದ್ಯತೆ ನೀಡುತ್ತದೆ. ಭಾರತದಲ್ಲಿ 2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯಂತೆ, ಮೊದಲ ನೋಂದಣಿಯಿಂದ 50 ವರ್ಷ ಮೀರಿದ, ಮೂಲರೂಪದಲ್ಲಿರುವ ದ್ವಿಚಕ್ರ ಹಾಗೂ ನಾಲ್ಕು ಚಕ್ರದ ವಾಹನಗಳನ್ನು ವಿಂಟೇಜ್ ಎಂದು 'ವಿಎ' ಅಕ್ಷರಗಳೊಂದಿಗೆ ನೋಂದಾಯಿಸಬಹುದು. ಹೊಸ ನೋಂದಣಿಯ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಚಾಸಿ, ದೇಹ ಅಥವಾ ಎಂಜಿನ್‌ನ ಮಾರ್ಪಾಡು ದೊಡ್ಡ ಬದಲಾವಣೆಯಲ್ಲಿ ಸೇರುತ್ತದೆಂದು ನಿಯಮ ಹೇಳುತ್ತದೆ. ಒಳಹೊದಿಕೆಯನ್ನು ಅದು ಹೆಸರಿಸಿಲ್ಲ. ಆದರೂ ಖರೀದಿದಾರರು ಮತ್ತು ಪ್ರದರ್ಶನದ ತೀರ್ಪುಗಾರರು ಒಳಾಂಗಣವನ್ನು ನೋಡಿಯೇ ನೋಡುತ್ತಾರೆ. ಇದರಿಂದಾಗಿ ತೆಗೆದ ಫಲಕಗಳು, ಗುಂಡಿಗಳು, ಹಾಸಿನ ತುಂಡುಗಳಿಗೆ ಚೀಟಿ ಹಚ್ಚಿ ಒಣ ಜಾಗದಲ್ಲಿ ಇಟ್ಟುಕೊಳ್ಳುವ ಪದ್ಧತಿ ಸಂಗ್ರಾಹಕರಲ್ಲಿದೆ. ಹೊಸ ಕಾರ್ಪೆಟ್ಟಿಗಾಗಿ ತಗಡಿನಲ್ಲಿ ಹೊಸ ರಂಧ್ರಗಳನ್ನು ಕೊರೆಯದೆ, ಹಳೆಯ ರಂಧ್ರಗಳನ್ನೇ ಬಳಸಿದ ಕಾರನ್ನು ಮುಂದೆ ಯಾರಾದರೂ ಮೊದಲಿನಂತೆ ಮಾಡಲು ಸಾಧ್ಯವಾಗುತ್ತದೆ.