ಖಾಲಿ ಬಿದ್ದ ದೇವರ ಪೀಠಗಳು

1989ರಲ್ಲಿ ಭಾಲ್ ಎಂಬ ದೇವರು ಸತ್ತ. ಅವನು ಕೊಲೆಯ ಅಧಿದೈವ. ಒಂದು ಸೇತುವೆಯ ಬಳಿ ಸಿರಿಕ್ ಎಂಬ ಕಳ್ಳನೊಬ್ಬ ಅವನನ್ನು ಕತ್ತಿಯಿಂದ ಕೊಂದ. ಕೆಳಗೆ ಹರಿಯುತ್ತಿದ್ದ ಹೊಳೆಯ ನೀರು ಕಪ್ಪಾಗಿ ವಿಷವಾಯಿತು. ಆ ಗಲಭೆಯಲ್ಲೇ ದಬ್ಬಾಳಿಕೆಯ ದೇವರು ಬೇನ್ ಸತ್ತ, ಸತ್ತವರ ಒಡೆಯ ಮರ್ಕುಲ್ ಸತ್ತ, ಮಂತ್ರವಿದ್ಯೆಯ ತಾಯಿ ಮಿಸ್ಟ್ರಾ ಸತ್ತಳು. ಇವರೆಲ್ಲ ಇದ್ದದ್ದು ‘ಫರ್ಗಾಟನ್ ರೆಲ್ಮ್ಸ್’ ಎಂಬ ಕಲ್ಪಿತ ಲೋಕದಲ್ಲಿ. ಆ ಲೋಕದ ಪಂಚಾಂಗದಲ್ಲಿ ಅದು 1358ನೇ ವರ್ಷ. ಆದರೆ ಸಾವಿನ ತೀರ್ಮಾನವಾದದ್ದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನ ಒಂದು ಕಂಪನಿಯಲ್ಲಿ.

ಆ ಕಂಪನಿಯ ಹೆಸರು ಟಿಎಸ್‌ಆರ್. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನಸನ್ ರೂಪಿಸಿದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಆಟವನ್ನು ಮಾರುತ್ತಿದ್ದದ್ದು ಅದೇ. ನಾಲ್ಕೈದು ಜನ ಮೇಜಿನ ಸುತ್ತ ಕೂತು ಆಡುವ ಆಟ ಇದು. ಒಬ್ಬರು ಸೂತ್ರಧಾರ, ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರ. ಮಾತಿನಲ್ಲೇ ಕತೆ ನಡೆಯುತ್ತದೆ. ಕತ್ತಿ ತಾಗಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಪ್ರತಿ ಪಾತ್ರಕ್ಕೂ ಪ್ರತಿ ರಾಕ್ಷಸನಿಗೂ ಇಂತಿಷ್ಟು ‘ಹಿಟ್ ಪಾಯಿಂಟ್’ ಇರುತ್ತವೆ. ಮೂಲ ನಿಯಮಗಳ ಪ್ರಕಾರ ಅವು ಸೊನ್ನೆಗೆ ಇಳಿದರೆ ಸಾವು.

ತೊಡಕು ಶುರುವಾದದ್ದು ದೇವರಿಗೂ ಹಿಟ್ ಪಾಯಿಂಟ್ ಕೊಟ್ಟಾಗ. 1976ರಲ್ಲಿ ರಾಬ್ ಕುಂಟ್ಜ್ ಮತ್ತು ಜೇಮ್ಸ್ ವಾರ್ಡ್ ದೇವದೇವತೆಗಳದ್ದೇ ಒಂದು ಕಿರುಪುಸ್ತಕ ಬರೆದರು. ಅದಕ್ಕೆ ಮುನ್ನುಡಿ ಬರೆದ ಟಿಮ್ ಕ್ಯಾಸ್ಕ್ ಉದ್ದೇಶವನ್ನು ಮುಚ್ಚಿಡಲಿಲ್ಲ: ಕೆಲವು ಕಡೆ ಆಟಗಾರರ ಪಾತ್ರಗಳು ಮಿತಿಮೀರಿ ಬಲಿತಿವೆ, ಓಡಿನ್‌ನಂಥ ದೇವರಿಗೇ 300 ಪಾಯಿಂಟ್ ಎಂದು ತೋರಿಸಿದರೆ ಅಂಥವರಿಗೆ ನಾಚಿಕೆಯಾದೀತು ಎಂಬುದು ಅವರ ಲೆಕ್ಕ. ಆದದ್ದು ತಿರುಗಾಮುರುಗ. ದೇವರಿಗೆ ಅಂಕಿ ಇದೆಯೆಂದರೆ ಆ ಅಂಕಿಯನ್ನು ಸೊನ್ನೆಗೆ ಇಳಿಸಬಹುದು ಎಂದೇ ಹುಡುಗರು ಓದಿಕೊಂಡರು. 1980ರಲ್ಲಿ ಬಂದ ‘ಡೀಟೀಸ್ ಅಂಡ್ ಡೆಮಿಗಾಡ್ಸ್’ ಎಂಬ ದಪ್ಪ ಪುಸ್ತಕದಲ್ಲಿ ಜ್ಯೂಸ್‌ಗೆ 400. ಅದೇ ಪುಸ್ತಕದ ಭಾರತೀಯ ಅಧ್ಯಾಯದಲ್ಲಿ ಇಂದ್ರ, ಅಗ್ನಿ, ವರುಣ, ವಿಷ್ಣು, ಕಾಳಿಯರಿಗೂ ಇಂಥದೇ ಲೆಕ್ಕಪಟ್ಟಿ ಇತ್ತು. ಯಮನಿಗೂ ಇಂತಿಷ್ಟು ಪೆಟ್ಟು ಬಿದ್ದರೆ ಸಾವು! ಅದೇ ವರ್ಷದ ಇನ್ನೊಂದು ಸಾಹಸಕತೆಯಲ್ಲಿ ಜೇಡರ ದೇವಿ ಲಾಲ್ತ್‌ಗೆ ಇದ್ದದ್ದು ಬರೀ 66. ಎಷ್ಟೋ ಮನೆಗಳ ಊಟದ ಮೇಜಿನ ಮೇಲೆ ಆಕೆ ಶನಿವಾರಕ್ಕೊಮ್ಮೆ ಸತ್ತಿರಬೇಕು.

ಹುಡುಗರು ದೇವರನ್ನು ಕೊಲ್ಲುವುದು ಬೇರೆ, ಕಂಪನಿಯೇ ಕೊಲ್ಲುವುದು ಬೇರೆ. ಫರ್ಗಾಟನ್ ರೆಲ್ಮ್ಸ್ ಲೋಕವನ್ನು ಕಟ್ಟಿದವರು ಕೆನಡಾದ ಎಡ್ ಗ್ರೀನ್‌ವುಡ್. ಬಾಲ್ಯದಲ್ಲಿ ಕತೆಗಳಿಗಾಗಿ ಕಟ್ಟಿಕೊಂಡ ಲೋಕ ಅದು. ಮುಂದೆ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತಲೇ ಅದನ್ನು ಬೆಳೆಸಿದರು. ಅದರ ದೇವರುಗಳಲ್ಲಿ ಕೆಲವರು ಅವರದೇ ಸೃಷ್ಟಿ, ಕೆಲವರು ಫಿನ್ಲೆಂಡಿನಿಂದ, ಕೆಲವರು ಸೆಲ್ಟಿಕ್ ಪುರಾಣದಿಂದ ಕಡ ತಂದವರು. 1987ರಲ್ಲಿ ಟಿಎಸ್‌ಆರ್ ಈ ಲೋಕವನ್ನು ಪೆಟ್ಟಿಗೆಯಲ್ಲಿಟ್ಟು ಮಾರಾಟಕ್ಕೆ ಬಿಟ್ಟಿತು. ಎರಡೇ ವರ್ಷಕ್ಕೆ ಆಟದ ನಿಯಮಗಳ ಎರಡನೇ ಆವೃತ್ತಿ ಬಂತು. ಅದರಲ್ಲಿ ಮಂತ್ರಗಳ ವಿಧಾನ ಅಲ್ಲಲ್ಲಿ ಬದಲಾಗಿತ್ತು. ‘ಅಸ್ಯಾಸಿನ್’ ಎಂಬ ಬಾಡಿಗೆ ಕೊಲೆಗಾರರ ವರ್ಗವನ್ನೇ ತೆಗೆದುಹಾಕಲಾಗಿತ್ತು. ಈ ಆಟ ಮಕ್ಕಳನ್ನು ಸೈತಾನನ ಕಡೆ ಎಳೆಯುತ್ತದೆ ಎಂದು ಅಮೆರಿಕದ ಕೆಲವು ಕ್ರೈಸ್ತ ಗುಂಪುಗಳು ಗದ್ದಲ ಎಬ್ಬಿಸಿದ್ದ ದಶಕ ಅದು.

ಈಗ ಪೇಚು. ನಿನ್ನೆಯವರೆಗೆ ಆ ಲೋಕದ ಗಲ್ಲಿಗಲ್ಲಿಗಳಲ್ಲಿ ಇದ್ದ ಬಾಡಿಗೆ ಕೊಲೆಗಾರರು ಇಂದು ಎಲ್ಲಿ ಹೋದರು? ನಿಯಮ ಬದಲಾಯಿತು ಎಂದು ಸುಮ್ಮನಿದ್ದರೆ ಆಗುತ್ತಿತ್ತು. ಟಿಎಸ್‌ಆರ್ ಅದಕ್ಕೊಂದು ಪುರಾಣವನ್ನೇ ಬರೆಸಿತು, ಮೂರು ಕಾದಂಬರಿಗಳಲ್ಲಿ. ಬೇನ್ ಮತ್ತು ಮರ್ಕುಲ್ ವಿಧಿಯ ಫಲಕಗಳನ್ನು ಕದಿಯುತ್ತಾರೆ. ದೇವರುಗಳ ಮೇಲಿನ ಒಡೆಯ ಏಓ ಸಿಟ್ಟಾಗಿ ಎಲ್ಲ ದೇವರನ್ನೂ ಭೂಮಿಗೆ ತಳ್ಳುತ್ತಾನೆ. ಮೇಲೇರುವ ಮೆಟ್ಟಿಲನ್ನು ಕಾಯಲು ಹೆಲ್ಮ್ ಒಬ್ಬನನ್ನು ಮಾತ್ರ ಬಿಡುತ್ತಾನೆ. ಮಿಸ್ಟ್ರಾ ಆ ಮೆಟ್ಟಿಲು ಹತ್ತಲು ಹೋಗಿ ಹೆಲ್ಮ್‌ನ ಕೈಯಲ್ಲೇ ಸಾಯುತ್ತಾಳೆ. ಬೇನ್‌ಗೆ ಯುದ್ಧಬಲ ತುಂಬಲು ಮರ್ಕುಲ್ ಲೋಕದಲ್ಲಿದ್ದ ಅಸ್ಯಾಸಿನ್‌ಗಳನ್ನೆಲ್ಲ ಒಂದೇ ಏಟಿಗೆ ಬಲಿ ಕೊಡುತ್ತಾನೆ. ನಿಯಮಪುಸ್ತಕದ ಒಂದು ಅಧ್ಯಾಯ ಹೀಗೆ ಹತ್ಯಾಕಾಂಡವಾಯಿತು.

ಆ ಕಾದಂಬರಿಗಳಲ್ಲಿ ದೇವರುಗಳಿಗಿಂತ ಹೆಚ್ಚು ನೆನಪಿನಲ್ಲಿ ಉಳಿಯುವವನು ಏಡನ್. ಅವನು ಸೌಂದರ್ಯದೇವಿ ಸೂನೆಯ ಅರ್ಚಕ. ದೇವರು ಕೆಳಗೆ ಬಿದ್ದ ಮೇಲೆ ಅವನ ಪ್ರಾರ್ಥನೆ ಫಲಿಸುವುದಿಲ್ಲ, ಮಂತ್ರ ಹತ್ತುವುದಿಲ್ಲ. ಅದರ ಮೇಲೆ ಮುಖಕ್ಕೆ ಕತ್ತಿಯ ಗಾಯ. ಚೆಲುವಿನ ದೇವಿಯ ಪೂಜಾರಿಯ ಮುಖದ ಮೇಲೆ ಮಾಯದ ಗಾಯವೆಂದರೆ ಅದು ಶಿಕ್ಷೆಯೇ ಇರಬೇಕು ಎಂದು ಅವನು ಕುಸಿಯುತ್ತಾನೆ. ಮೇಜಿನ ಸುತ್ತ ಕೂತವರಲ್ಲೂ ಅರ್ಚಕನ ಪಾತ್ರ ಹಿಡಿದವರಿಗೆ ಇದೇ ಸ್ಥಿತಿ. ವರ್ಷಗಟ್ಟಲೆ ಬೆಳೆಸಿದ ಪಾತ್ರದ ದೇವರು ತೀರಿಕೊಂಡರೆ ಮಂತ್ರ ಕೊಡುವವರು ಯಾರು? ಹೊಸ ದೇವರನ್ನು ಹುಡುಕಿಕೊಳ್ಳಿ ಎಂಬುದು ಕಂಪನಿಯ ಉತ್ತರ. ಅದಕ್ಕಿಂತ ದೊಡ್ಡ ದೂರೆಂದರೆ, ಕಾದಂಬರಿಗಳ ಜೊತೆಗೆ ಬಂದ ಆಟದ ಪುಸ್ತಕಗಳಲ್ಲಿ ಮುಖ್ಯ ಕೆಲಸವೆಲ್ಲ ಕಾದಂಬರಿಯ ನಾಯಕರದ್ದೇ. ಆಟಗಾರರು ಪಕ್ಕದಲ್ಲಿ ನಿಂತು ನೋಡಬೇಕಿತ್ತು. ಜಾತ್ರೆಗೆ ಹೋದವರಿಗೆ ತೇರಿನ ಮಿಣಿ ಮುಟ್ಟಲು ಬಿಡದಂತೆ.

ಸತ್ತ ದೇವರ ಜಾಗ ಖಾಲಿ ಉಳಿಯಲಿಲ್ಲ. ಮಿಡ್‌ನೈಟ್ ಎಂಬ ಮಾಂತ್ರಿಕ ಹೆಣ್ಣು ಮಿಸ್ಟ್ರಾಳ ಪೀಠವನ್ನೂ ಮುಂದೆ ಅವಳ ಹೆಸರನ್ನೂ ಪಡೆದಳು. ಕಳ್ಳ ಸಿರಿಕ್, ಸತ್ತ ಮೂವರ ಅಧಿಕಾರವನ್ನು ಬಾಚಿಕೊಂಡ. ಇದು ಕನ್ನಡದ ಓದುಗರಿಗೆ ತೀರಾ ಅಪರಿಚಿತವಲ್ಲ. ನಮ್ಮ ಪುರಾಣಗಳಲ್ಲಿ ಇಂದ್ರ ಎಂಬುದು ಒಂದು ಪದವಿ; ಮನ್ವಂತರ ಕಳೆದಂತೆ ಅದರಲ್ಲಿ ಕೂರುವವರು ಬದಲಾಗುತ್ತಾರೆ. ಮನುಷ್ಯನಾದ ನಹುಷನೂ ಅದರಲ್ಲಿ ಕೂತ, ಮದವೇರಿ ಋಷಿಗಳಿಂದ ಪಲ್ಲಕ್ಕಿ ಹೊರಿಸಿದ, ಅಗಸ್ತ್ಯರನ್ನು ಒದ್ದು ಹಾವಾದ. ರೆಲ್ಮ್ಸ್‌ನಲ್ಲಿ ನಹುಷನ ಸಮೀಪಕ್ಕೆ ಬರುವವನು ಕಾರ್ಸಸ್. ಬಹಳ ಹಿಂದೆ ನೆದರಿಲ್ ಎಂಬ ಸಾಮ್ರಾಜ್ಯದ ಈ ಮಾಂತ್ರಿಕ ಒಂದೇ ಮಂತ್ರದಿಂದ ಆಗಿನ ಮಂತ್ರದೇವಿ ಮಿಸ್ಟ್ರಿಲ್‌ಳ ಶಕ್ತಿ ಕಿತ್ತುಕೊಂಡ. ಹಿಡಿದಿಡಲು ಆಗಲಿಲ್ಲ. ಲೋಕ ಉಳಿಸಲು ಆಕೆ ತನ್ನನ್ನೇ ಬಲಿಕೊಟ್ಟಳು. ಆ ಕ್ಷಣ ಮಂತ್ರ ನಿಂತು, ಆಕಾಶದಲ್ಲಿ ತೇಲುತ್ತಿದ್ದ ನಗರಗಳು ಕೆಳಗೆ ಬಿದ್ದವು. ವ್ಯತ್ಯಾಸವೂ ಇದೆ. ನಹುಷ ಬಿದ್ದ ಮೇಲೆ ಅಡಗಿದ್ದ ಇಂದ್ರ ಮರಳಿ ಬಂದ. ಇಲ್ಲಿ ಇಳಿದವರು ಸಾಯುತ್ತಾರೆ.

ಸತ್ತವರ ದೇಹಗಳಿಗೂ ಆಟದಲ್ಲೊಂದು ಜಾಗವಿದೆ. ‘ಆಸ್ಟ್ರಲ್’ ಎಂಬ ಬೆಳ್ಳಿಬಣ್ಣದ ಶೂನ್ಯದಲ್ಲಿ ಅವು ಕಲ್ಲಾಗಿ, ಗುಡ್ಡದಷ್ಟು ದೊಡ್ಡದಾಗಿ ತೇಲುತ್ತವೆ. ಭಕ್ತರು ಮರೆತ ದೇವರುಗಳೂ ಅಲ್ಲಿಗೇ ಸೇರುತ್ತಾರೆ. ಗಿಥ್‌ಯಾಂಕಿ ಎಂಬ ಜನಾಂಗವಂತೂ ಅಂಥ ಒಂದು ಹೆಣದ ಮೇಲೆಯೇ ತನ್ನ ರಾಜಧಾನಿ ಕಟ್ಟಿಕೊಂಡಿದೆ.

1997ರಲ್ಲಿ ವಿಝರ್ಡ್ಸ್ ಆಫ್ ದ ಕೋಸ್ಟ್ ಕಂಪನಿ ಟಿಎಸ್‌ಆರ್ ಅನ್ನು ಕೊಂಡಿತು. ಮಾಲೀಕರು ಬದಲಾದರೂ ಪದ್ಧತಿ ಬದಲಾಗಲಿಲ್ಲ. 2008ರಲ್ಲಿ ನಾಲ್ಕನೇ ಆವೃತ್ತಿ ಬಂದು ಮಂತ್ರದ ನಿಯಮಗಳು ಬುಡಮೇಲಾದಾಗ ಮಿಸ್ಟ್ರಾ ಮತ್ತೆ ಸತ್ತಳು, ಈ ಸಲ ಸಿರಿಕ್‌ನ ಕೈಯಲ್ಲಿ. ಕತೆಯನ್ನು ಸುಮಾರು ನೂರು ವರ್ಷ ಮುಂದಕ್ಕೆ ಎಳೆದರು. ಹಳೆಯ ಆಟಗಾರರಲ್ಲಿ ಅನೇಕರು ಆ ಹೊಸ ಲೋಕವನ್ನು ಒಪ್ಪಲೇ ಇಲ್ಲ. 2014ರ ಐದನೇ ಆವೃತ್ತಿಯ ಹೊತ್ತಿಗೆ ಮಿಸ್ಟ್ರಾ ಮತ್ತು ಇನ್ನೂ ಹಲವರು ಜೀವಂತರಾಗಿ ಮರಳಿದರು. ಭಾಲ್ ಸತ್ತಿದ್ದಾಗಲೂ ದುಡಿದವನೇ: 1998ರ ‘ಬಾಲ್ಡರ್ಸ್ ಗೇಟ್’ ಕಂಪ್ಯೂಟರ್ ಆಟದ ನಾಯಕ, ಸಾವನ್ನು ಮುಂಗಂಡ ಭಾಲ್ ಹುಟ್ಟಿಸಿಟ್ಟಿದ್ದ ಮಕ್ಕಳಲ್ಲಿ ಒಬ್ಬ. 2023ರ ‘ಬಾಲ್ಡರ್ಸ್ ಗೇಟ್ 3’ರಲ್ಲಿ ಆ ಮೂವರು ಸತ್ತ ದೇವರೂ ಮತ್ತೆ ಸಂಚು ಹೂಡುತ್ತಾರೆ.

ಮರ್ಕುಲ್ ಬಿಟ್ಟುಹೋದದ್ದು ಇನ್ನೊಂದಿತ್ತು. ಯಾವ ದೇವರನ್ನೂ ನಂಬದೆ ಸತ್ತವರ ಆತ್ಮಗಳನ್ನು ಅವನು ಒಂದು ಗೋಡೆಗೆ ಇಟ್ಟಿಗೆಯಂತೆ ಮೆತ್ತುತ್ತಿದ್ದ. ಅಲ್ಲಿ ಅವು ನಿಧಾನವಾಗಿ ಕರಗಿಹೋಗಬೇಕು. ಅವನು ಸತ್ತ ಮೇಲೂ ಗೋಡೆ ನಿಂತಿತು. ಇದು ಎಂಥ ನ್ಯಾಯ ಎಂದು ಆಟಗಾರರು ದಶಕಗಟ್ಟಲೆ ಜಗಳವಾಡಿದರು. 2007ರಲ್ಲಿ ‘ಮಾಸ್ಕ್ ಆಫ್ ದ ಬಿಟ್ರೇಯರ್’ ಎಂಬ ಕಂಪ್ಯೂಟರ್ ಆಟ ಆ ಗೋಡೆಯ ಅನ್ಯಾಯದ ಸುತ್ತಲೇ ಕತೆ ಹೆಣೆಯಿತು. ಅದರಲ್ಲೂ ಗೋಡೆಯನ್ನು ಕೆಡವಲು ಆಗುವುದಿಲ್ಲ. 2015ರ ಒಂದು ಅಧಿಕೃತ ಪುಸ್ತಕದಲ್ಲೂ ಅದರ ಪ್ರಸ್ತಾಪವಿತ್ತು. 2020ರಲ್ಲಿ ಕಂಪನಿ ಆ ಪುಸ್ತಕಕ್ಕೊಂದು ತಿದ್ದುಪಡಿ ಪಟ್ಟಿ ಹೊರಡಿಸಿ, ಗೋಡೆಯ ಸಾಲುಗಳನ್ನು ತೆಗೆದುಹಾಕಿತು. ಈ ಸಲ ಅದಕ್ಕೊಂದು ಪುರಾಣ ಬರೆಸಲಿಲ್ಲ.