ತಾಳ್ಮೆಗೆ ಒಲಿದ ಆಕಾಶ

ಜನವರಿಯ ಒಂದು ರಾತ್ರಿ ಪಾಂಡವಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಪರಿಚಿತ ಕುಟುಂಬದವರ ಮನೆಗೆ ಊಟಕ್ಕೆ ಹೋಗಿದ್ದೆ. ಊಟವಾದ ಮೇಲೆ ಕಾಲೇಜಿನಲ್ಲಿ ಓದುತ್ತಿರುವ ಆ ಮನೆಯ ಹುಡುಗ, "ಫಾದರ್, ಹಿತ್ತಿಲಿಗೆ ಬನ್ನಿ" ಎಂದು ಕರೆದ. ಹುಲ್ಲಿನ ಮೆದೆಯ ಪಕ್ಕದಲ್ಲಿ ಒಂದು ಚಿಕ್ಕ ದೂರದರ್ಶಕ ನಿಂತಿತ್ತು. ಅದರ ಹಿಂಬದಿಗೆ ಕ್ಯಾಮೆರಾ ಜೋಡಿಸುವ ಏರ್ಪಾಡಿತ್ತು. ಮೊದಲು ಕಣ್ಣಿಟ್ಟು ನೋಡಿದೆ. ಮಹಾವ್ಯಾಧನ ಸೊಂಟಪಟ್ಟಿಯ ಕೆಳಗೆ ಬೂದಿಬಣ್ಣದ ಮಸುಕೊಂದು ಕಂಡಿತು, ಅಷ್ಟೆ. ಒಂದು ಗಂಟೆಯ ನಂತರ ಕಂಪ್ಯೂಟರಿನ ಪರದೆಯ ಮೇಲೆ ಅದೇ ಮಸುಕು ಕೆಂಪು ರೆಕ್ಕೆಗಳನ್ನು ಬಿಚ್ಚಿಕೊಂಡು ನಿಂತಿತ್ತು. ಹುಡುಗನ ಅಜ್ಜಿ ಬೆರಗಾಗಿ, "ಇಷ್ಟು ದಿವಸ ಇದು ಎಲ್ಲಿತ್ತಪ್ಪಾ?" ಎಂದು ಕೇಳಿದರು.

ಅದು ಅಲ್ಲಿಯೇ ಇತ್ತು. ಬಾದಾಮಿಯ ಚಾಲುಕ್ಯರು ಆಳುತ್ತಿದ್ದ ಕಾಲದಲ್ಲಿ ಹೊರಟ ಬೆಳಕು ಆ ರಾತ್ರಿ ಹಿತ್ತಿಲಿಗೆ ಬಂದಿಳಿದಿತ್ತು. ಅದನ್ನು ಕಾದು ಕೂಡಿಡುವ ಶಕ್ತಿ ನಮ್ಮ ಕಣ್ಣಿಗೆ ಇರಲಿಲ್ಲ. ಮನುಷ್ಯನು ಆ ಶಕ್ತಿಯನ್ನು ಪಡೆದುಕೊಂಡ ಬಗೆಯೇ ಒಂದು ಇತಿಹಾಸ.

ನಮ್ಮ ಸೀಮೆಗೂ ನಕ್ಷತ್ರಗಳಿಗೂ ಇರುವ ನಂಟು ಹೊಸದಲ್ಲ. 1799ರಲ್ಲಿ ಇಂಗ್ಲಿಷ್ ಸೈನ್ಯ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದಾಗ, ಜನರಲ್ ಬೇರ್ಡ್‌ನ ತುಕಡಿ ಒಂದು ರಾತ್ರಿ ದಾರಿತಪ್ಪಿ ಟಿಪ್ಪುವಿನ ಪಾಳೆಯದತ್ತಲೇ ಸಾಗುತ್ತಿತ್ತು. ಜೊತೆಯಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ನಕ್ಷತ್ರಗಳನ್ನು ಗಮನಿಸಿ, ತಾವು ನಡೆಯುತ್ತಿರುವುದು ದಕ್ಷಿಣಕ್ಕಲ್ಲ, ಉತ್ತರಕ್ಕೆ ಎಂದು ಎಚ್ಚರಿಸಿದ. ಅದೇ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆಯನ್ನು ಅಳೆದು ಮೋಜಣಿ ಆರಂಭಿಸಿದ. ಅಕ್ಷಾಂಶವನ್ನು ತಿಳಿಯಲು ಮತ್ತೆ ನಕ್ಷತ್ರಗಳನ್ನೇ ಆಶ್ರಯಿಸಿದ. ಆದರೆ ಅವನ ಕಾಲದಲ್ಲಿ ಕಂಡದ್ದನ್ನು ಬರೆದಿಡಬಹುದಾಗಿತ್ತೇ ಹೊರತು ಬೆಳಕನ್ನೇ ಹಿಡಿದಿಡುವ ಉಪಾಯವಿರಲಿಲ್ಲ.

ಆ ಉಪಾಯ ಕನ್ನಡಿಗರ ನೆರೆಗೆ ಬಂದದ್ದು 1871ರ ಡಿಸೆಂಬರ್ 12ರಂದು. ಅಂದಿನ ಪೂರ್ಣ ಸೂರ್ಯಗ್ರಹಣವನ್ನು ನೋಡಲು ನಾರ್ಮನ್ ಲಾಕ್ಯರ್‌ನ ತಂಡ ಕಾಸರಗೋಡಿನ ಬೇಕಲ ಕೋಟೆಯಲ್ಲಿ ಬೀಡುಬಿಟ್ಟು, ಸೂರ್ಯನ ಪ್ರಭಾವಲಯದ ಛಾಯಾಚಿತ್ರಗಳನ್ನು ತೆಗೆಯಿತು. ಆಗಿನ ಗಾಜಿನ ಫಲಕಗಳು ಒದ್ದೆಯಾಗಿರುವಾಗಲೇ ಕೆಲಸ ಮುಗಿಯಬೇಕಾಗಿತ್ತು. ಕೆಲವು ನಿಮಿಷಗಳಲ್ಲಿ ಲೇಪ ಒಣಗಿಹೋಗುತ್ತಿತ್ತು. ಸೂರ್ಯನಿಗೆ ಅಷ್ಟು ಸಾಕು. ಮಂಕಾದ ನೀಹಾರಿಕೆಗಳಿಗೆ ಸಾಲದು.

ಒಣ ಫಲಕ ಬಂದ ಮೇಲೆ ಕಾಯುವುದು ಸಾಧ್ಯವಾಯಿತು. 1880ರಲ್ಲಿ ಅಮೆರಿಕದ ವೈದ್ಯ ಹೆನ್ರಿ ಡ್ರೇಪರ್ ಮಹಾವ್ಯಾಧನ ನೀಹಾರಿಕೆಗೆ 51 ನಿಮಿಷ ಫಲಕವನ್ನು ಒಡ್ಡಿ ಅದರ ಮೊದಲ ಚಿತ್ರವನ್ನು ಪಡೆದ. 1883ರಲ್ಲಿ ಆಂಡ್ರ್ಯೂ ಕಾಮನ್ ಎಂಬ ಇಂಜಿನಿಯರ್ ಲಂಡನ್ನಿನ ಬಳಿ ತನ್ನ ಮನೆಯ ತೋಟದಿಂದಲೇ ಅದೇ ನೀಹಾರಿಕೆಯನ್ನು ಚಿತ್ರಿಸಿದಾಗ, ಕಣ್ಣಿಗೆ ಎಂದೂ ಕಾಣದ ನಕ್ಷತ್ರಗಳು ಫಲಕದಲ್ಲಿ ಮೂಡಿದವು. 1885ರಲ್ಲಿ ಪ್ಯಾರಿಸಿನ ಹೆನ್ರಿ ಸಹೋದರರಿಗೆ ನಮ್ಮ ಕೃತ್ತಿಕೆಯ ಗುಚ್ಛದಲ್ಲಿ ಹೊಸ ನೀಹಾರಿಕೆಯೊಂದು ಸಿಕ್ಕಿತು. 1888ರಲ್ಲಿ ಕಟ್ಟಡ ಗುತ್ತಿಗೆದಾರ ಐಸಾಕ್ ರಾಬರ್ಟ್ಸ್ ಗಂಟೆಗಟ್ಟಲೆ ಕಾದು ದೇವಯಾನಿಯ ಸುರುಳಿರೂಪವನ್ನು ಪಡೆದ. ಅದು ನಮ್ಮ ಆಕಾಶಗಂಗೆಗೆ ಹೊರಗಾದ ಬೇರೊಂದು ಗೆಲಾಕ್ಸಿ ಎಂಬುದನ್ನು ತೋರಿಸಲು ಎಡ್ವಿನ್ ಹಬಲ್‌ನಿಗೆ ದಾರಿ ಕೊಟ್ಟದ್ದೂ 1923ರ ಒಂದು ಫಲಕವೇ. ಇಂದಿನ ಲೆಕ್ಕದಂತೆ ಅದರ ದೂರ ಸುಮಾರು 25 ಲಕ್ಷ ಬೆಳಕಿನ ವರ್ಷಗಳು. ಡ್ರೇಪರ್, ಕಾಮನ್, ರಾಬರ್ಟ್ಸ್ ಮೂವರೂ ವೃತ್ತಿಯಿಂದ ಖಗೋಳಜ್ಞರಲ್ಲ ಎಂಬುದನ್ನು ನಾವು ನೆನಪಿಡಬೇಕು.

1887ರಲ್ಲಿ ಪ್ಯಾರಿಸಿನಲ್ಲಿ ಸೇರಿದ ಖಗೋಳಜ್ಞರು ಇಡೀ ಆಕಾಶವನ್ನೇ ಚಿತ್ರಿಸಲು ನಿರ್ಧರಿಸಿ ಕೆಲಸವನ್ನು ಹಂಚಿಕೊಂಡರು. ಒಂದು ಪಾಲು ಮುಂದೆ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯಕ್ಕೆ ಬಂದಿತು. ಬೀದರ್, ಕಲಬುರಗಿ, ರಾಯಚೂರುಗಳು ಆಗ ಆ ಸಂಸ್ಥಾನಕ್ಕೆ ಸೇರಿದ್ದವು. ಇನ್ನೊಂದು ಪಾಲು ವ್ಯಾಟಿಕನ್ ವೀಕ್ಷಣಾಲಯದ್ದು. ಅಲ್ಲಿ 1910ರಿಂದ 1921ರವರೆಗೆ ಎಮಿಲಿಯಾ, ರೆಜಿನಾ, ಕೊಂಚೆತ್ತಾ, ಲುಯಿಜಿಯಾ ಎಂಬ ನಾಲ್ವರು ಕನ್ಯಾಸ್ತ್ರೀಯರು ಫಲಕಗಳ ಮೇಲೆ ಬಾಗಿ 4,81,215 ನಕ್ಷತ್ರಗಳ ಸ್ಥಾನಗಳನ್ನು ದಾಖಲಿಸಿದರು. ಅವರ ಪೂರ್ಣ ಹೆಸರುಗಳನ್ನು ಲೋಕ ನೆನೆದದ್ದು ಬಹು ತಡವಾಗಿ. ತಾಳ್ಮೆಯ ಕೆಲಸಕ್ಕೆ ಹೆಸರು ಬೇಗ ಬರುವುದಿಲ್ಲ.

ಇಂದು ಬೆಂಗಳೂರಿನ ಬಳಿಯ ಹೊಸಕೋಟೆಯಲ್ಲಿ ಕುಳಿತು, ಉಪಗ್ರಹದ ಸಂಪರ್ಕದ ಮೂಲಕ ಲಡಾಖಿನ ಹಾನ್ಲೆಯಲ್ಲಿರುವ 2 ಮೀಟರ್ ದೂರದರ್ಶಕವನ್ನು ನಡೆಸುತ್ತಾರೆ. ಹಿತ್ತಿಲಿನ ಹುಡುಗನ ವಿಧಾನವೂ ಅದೇ ಪರಂಪರೆಯದು. ಭೂಮಿ ತಿರುಗುವುದರಿಂದ ನಕ್ಷತ್ರಗಳು ಗಂಟೆಗೆ 15 ಡಿಗ್ರಿ ಸರಿಯುತ್ತವೆ. ಅವನ್ನು ಹಿಂಬಾಲಿಸುವ ಪುಟ್ಟ ಮೋಟಾರು ಬೇಕು. ಆ ಯಂತ್ರದ ಅಕ್ಷವನ್ನು ಧ್ರುವದ ಕಡೆಗೆ ತಿರುಗಿಸಿಡಬೇಕು. ನಮ್ಮಲ್ಲಿ ಧ್ರುವನಕ್ಷತ್ರ ದಿಗಂತದಿಂದ ಹನ್ನೆರಡು ಹದಿಮೂರು ಡಿಗ್ರಿ ಮಾತ್ರ ಮೇಲಿರುವುದರಿಂದ ಒಂದು ತೆಂಗಿನಮರವೂ ಅದನ್ನು ಮರೆಮಾಡೀತು. ಅವನ ಮೊದಲ ಚಿತ್ರಗಳಲ್ಲಿ ನಕ್ಷತ್ರಗಳೆಲ್ಲ ಗೀರುಗಳಾಗಿದ್ದವಂತೆ. ಈಗ ಅವನು ಅರ್ಧ ನಿಮಿಷದ ನೂರು ಚಿತ್ರಗಳನ್ನು ತೆಗೆದು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂಡಿಸುತ್ತಾನೆ. ಪ್ರತಿ ಚಿತ್ರದಲ್ಲಿಯೂ ಬೇರೆಬೇರೆಯಾಗಿ ಮೂಡುವ ಗದ್ದಲ ಕುಗ್ಗುತ್ತದೆ. ನೂರರಲ್ಲಿಯೂ ಸ್ಥಿರವಾಗಿ ನಿಂತದ್ದು ಉಳಿಯುತ್ತದೆ.

ನಮಗೆ ಮತ್ತೊಂದು ಭಾಗ್ಯವಿದೆ. ಸುಮಾರು ಒಂದು ಕೋಟಿ ನಕ್ಷತ್ರಗಳ ಒಮೆಗಾ ಸೆಂಟಾರಿ ಗುಚ್ಛ ಕಾಮನ್‌ನ ತೋಟದಿಂದ ಎಂದಿಗೂ ಕಾಣದು. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳ ರಾತ್ರಿ ಅದು ದಕ್ಷಿಣದಲ್ಲಿ 30 ಡಿಗ್ರಿ ಎತ್ತರಕ್ಕೆ ಏರುತ್ತದೆ. ಆದರೆ ಶ್ರೀರಂಗಪಟ್ಟಣದಿಂದ ನೋಡುವವರಿಗೆ ಮೈಸೂರಿನ ದೀಪಗಳ ಹೊಳಪು ಇರುವುದೂ ದಕ್ಷಿಣದಲ್ಲಿಯೇ. ಕೃಷ್ಣರಾಜಪೇಟೆ, ನಾಗಮಂಗಲಗಳ ಹೊಲಗಳ ನಡುವೆ ಇನ್ನೂ ಕತ್ತಲೆಯಿದೆ, ಅದೂ ಕರಗುತ್ತಿದೆ. ಬೀದಿಗೊಂದು ದೀಪ ಬೇಕು, ನಿಜ. ಆದರೆ ಅದರ ಬೆಳಕು ನೆಲಕ್ಕೆ ಬೀಳಲಿ, ಆಕಾಶಕ್ಕಲ್ಲ. ರಾತ್ರಿಯೆಲ್ಲ ಯಾರಿಗೂ ಬೇಡವಾಗಿ ಉರಿಯುವ ನಮ್ಮ ಅಂಗಳದ ದೀಪವನ್ನು ಆರಿಸುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ.

ಅಂದು ಹೊರಡುವಾಗ ಅಜ್ಜಿ ತಾವಾಗಿಯೇ ಹಿತ್ತಿಲಿನ ದೀಪವನ್ನು ಆರಿಸಿ, ಜಗುಲಿಯ ಮೇಲೆ ಕುಳಿತು ತಲೆಯೆತ್ತಿ ನೋಡತೊಡಗಿದರು. ಸ್ವಲ್ಪ ಹೊತ್ತು ನಾನೂ ಅವರ ಪಕ್ಕದಲ್ಲಿ ಕುಳಿತೆ. ಕಣ್ಣು ಕತ್ತಲೆಗೆ ಒಗ್ಗಿದಂತೆಲ್ಲ ನಕ್ಷತ್ರಗಳು ಒಂದೊಂದಾಗಿ ಹೆಚ್ಚುತ್ತ ಹೋದವು.